ಬೆಕ್ಕಿನ ಬಾಣಂತನ

ಹುರಿದ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುವ ತನಕ ಭಾಗೀರಥಿಬಾಯಿ ಒರಳಿನಲ್ಲಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಅರ್ಧಕ್ಕೆ ಬೆಲ್ಲ ಕೂಡಿಸಿ ಉಂಡಿ ಕಟ್ಟಿದಳು. ಅದು ಹಾನಗಲ್ಲಿನಲ್ಲಿ ಬಾಣಂತಿಯಾಗಿದ್ದ ಮಗಳು ವೇದವತಿಗೆ. ಉಳಿದದ್ದನ್ನು ಎಲೆಯ ಮೇಲಿಟ್ಟುಕೊಂಡು ಕಟ್ಟಿಗೆ ಕೋಣೆಯ ಚಿಲಕ ತೆಗೆದಳು. ಒಳಗೆ ಬೆಕ್ಕು ಮರಿ ಹಾಕಿತ್ತು. ಹೊರಗೆ ಬಿಟ್ಟರೆ ಇಲಿ ಹಿಡಿದು ಮಡಿಯ ಮನೆಗೆ ತಂದೀತೆಂದು ಅದನ್ನು ಕೂಡಿಹಾಕಿ, ಮನುಷ್ಯರಿಗೆ ಮಾಡುವಂತೆಯೇ ಬಾಣಂತನ ನಡೆಸಿದ್ದಳು.

ಹಸಿದ ಬೆಕ್ಕು ಗಬಕ್ಕನೆ ಬಾಯಿ ಹಾಕಿತು. ಮುದ್ದೆ ಅಂಗುಳಕ್ಕೆ ಅಂಟಿತು. ತಲೆ ಕೊಡವಿತು, ಮುಂಗಾಲಿನಿಂದ ಮೂತಿ ತಿಕ್ಕಿಕೊಂಡಿತು, ಕಡೆಗೆ ಎಲ್ಲವನ್ನೂ ಕಾರಿಬಿಟ್ಟಿತು.

"ಬಾಯಾರ, ಶೇಂಗಾ ಬೆಕ್ಕಿಗೆ ಒಗ್ಗಂಗಿಲ್ರಿ," ಹಿತ್ತಲ ಗೋಡೆಯ ಮೇಲಿಂದ ನೆರೆಮನೆಯ ಮರಿಯಮಬಿ ಇಣುಕಿದಳು.

"ಯಾಕ, ಶೇಂಗಾ ಏನ್ ವಿಷ ಏನು? ನಾವೆಲ್ಲಾ ಇದನ್ನ ತಿಂದ ಗಟ್ಟಿ ಆಗೇವಿ."

"ವಿಷ ಅಂತ ಯಾರಂದ್ರು? ಮೀಸಿ ಐತಿ ಅಂತ ಅದಕ್ಕೂ ಜನಿವಾರ ಹಾಕೀರೇನ್ರಿ? ಬಿಡ್ರಿ ಹೊರಗ, ತನಗ ಬೇಕಾದ್ದು ತಾನ ತಿಂತೈತಿ."

"ಈ ಮನ್ಯಾಗ ಇರೋದು ಈ ಮನೀ ಊಟಾನ ಉಣಬೇಕು!"

ಮಾತು ಬಿರುಸಾಗಿಯೇ ಬಂತು. ಮಗಳಿಗೂ ಇದನ್ನೇ ಬರೆಯಬೇಕೆಂದು ಟಪಾಲು ಕಾರ್ಡು ತರಿಸಿಟ್ಟಿದ್ದಳು. ಬರೆಯಲು ಕೈ ಬಂದಿರಲಿಲ್ಲ. ಮೈಯಲ್ಲಿ ರಕ್ತವಿಲ್ಲ, ಕೂಸಿಗೆ ಹಾಲು ಸಾಲದು, ಡಾಕ್ಟರು ಕೋಳಿ ತತ್ತಿ ತಿನ್ನು ಅಂತಾರ, ನೀ ಹೂಂ ಅನ್ನದ ನಾ ಬಾಯಿಗೆ ಹಾಕಂಗಿಲ್ಲ ಎಂದು ವೇದವತಿ ಬರೆದು ತಿಂಗಳ ಮೇಲಾಗಿತ್ತು. ಹೂಂ ಅನ್ನಲಾರದೆ ಇವಳು ಉಂಡಿ ಕಳಿಸುತ್ತಲೇ ಇದ್ದಳು.

ಮರಿಗಳ ಚೀರಾಟ ಒಮ್ಮೆಲೇ ತಗ್ಗಿದಂತಾಯಿತು. ಭಾಗೀರಥಿಬಾಯಿ ಬಗ್ಗಿ ನೋಡಿದಳು. ಒಂದು ಮರಿ ಬತ್ತಿದ ಮೊಲೆಯನ್ನು ಬಾಯಲ್ಲಿಟ್ಟುಕೊಂಡಿತ್ತು, ಜಗ್ಗಲು ಅದಕ್ಕೆ ತ್ರಾಣವಿರಲಿಲ್ಲ. ತಾಯಿಬೆಕ್ಕು ಮರಿಯನ್ನು ನೋಡಲಿಲ್ಲ, ಇವಳನ್ನೇ ನೋಡುತ್ತಿತ್ತು.

ಆಕೆ ಎದ್ದು ಎರಡೂ ಕದ ತೆರೆದಳು. ಬೆಕ್ಕು ಬಾಣದಂತೆ ಹಾರಿತು. ಹೊತ್ತು ಏರುವುದರೊಳಗೆ ದೊಡ್ಡ ಇಲಿಯೊಂದನ್ನು ಕಚ್ಚಿಕೊಂಡು ಆಕೆಯ ಮಡಿಸೀರೆಯ ಅಂಚನ್ನು ಸವರುತ್ತಲೇ ಒಳಗೆ ಹೋಯಿತು. ಆಕೆ ಸೀರೆ ಎತ್ತಿಕೊಳ್ಳಲೂ ಇಲ್ಲ, ಸರಿಯಲೂ ಇಲ್ಲ. ಆ ಕದ ಮತ್ತೆ ಮುಚ್ಚಲಿಲ್ಲ. ವಾರದೊಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಆಡತೊಡಗಿದವು.

ಆ ವಾರ ಟಪಾಲಿನ ಕರಿಬಸಪ್ಪ ಬಂದಾಗ ಭಾಗೀರಥಿಬಾಯಿ ಕಾರ್ಡು ಕೊಟ್ಟಳು. ಅವನ ಕಣ್ಣು ತಾನಾಗಿ ಅದರ ಮೇಲೆ ಓಡಿತು: "ವೇದಾ, ದಿನಾ ತತ್ತಿ ತಿನ್ನು. ನಾ ಹೂಂ ಅಂದೇನಿ."

ಕರಿಬಸಪ್ಪ ದನಿ ತಗ್ಗಿಸಿದ. "ಬಾಯಾರ, ಇದು ಬರೇ ಕಾರ್ಡರಿ. ಹಾನಗಲ್ ಮುಟ್ಟೂದ್ರಾಗ ನಾಕ ಮಂದಿ ಓದ್ತಾರ. ಅಂಟಿಸೋ ಇನ್‌ಲ್ಯಾಂಡ್ ಐತ್ರಿ, ಕೊಡ್ಲೇನು?"

"ಇಲ್ಲೆ ಕೊಡು ಅದನ್ನ."

ಕಾರ್ಡನ್ನು ಹಿಂದಕ್ಕೆ ಇಸಿದುಕೊಂಡು, 'ತತ್ತಿ'ಯ ಕೆಳಗೆ ದಪ್ಪನೆಯ ಗೆರೆಯೊಂದನ್ನು ಎಳೆದು, ತಿರುಗಿ ಅವನ ಕೈಗಿಟ್ಟಳು.