ಜೋಳದ ರಾಶಿಯ ಮುಂದೆ

ಕಸಬರಿಗೆ ಎತ್ತಿಕೊಂಡು ತಿಮ್ಮವ್ವ ತನ್ನ ಕಣದ ಕಡೆಗೆ ಓಡಿ ಬರುವಾಗ ರಾಧಾ ಜೋಳದ ರಾಶಿಯ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಎದುರಿಗೆ ಅವಳ ಗಂಡ ಬೀರೇಶ ಮೊಬೈಲ್ ಹಿಡಿದಿದ್ದ. ರಾಯಚೂರು ಬಿಟ್ಟಾಗಿನಿಂದ ಫೋಟೋಕ್ಕೆಂದು ಬೈಕು ನಿಲ್ಲಿಸಿದಲ್ಲೆಲ್ಲ ಅವನಿಗೆ ಏನಾದರೊಂದು ಕೊರತೆ ಕಂಡಿತ್ತು. ದಾರಿ ಬದಿಯಲ್ಲಿ, ಸಂಜೆ ಬಿಸಿಲಿಗೆ ಹೊಳೆಯುವ ಈ ರಾಶಿ ಕಂಡ ಮೇಲೇ ಅವನ ಮುಖ ಅರಳಿದ್ದು.

“ಯಾರ ಬೇ ನೀನು? ರಾಶಿಗಿ ಇನ್ನಾ ಪೂಜಿ ಆಗಿಲ್ಲ! ಕೆರ ಮೆಟಗೊಂಡು ಕಣದಾಗ ಬಂದಿದ್ರ ಕಾಲು ಮುರಿತೀನಿ ನೋಡು!”

ರಾಧಾ ಸೀರೆಯ ನೆರಿಗೆಯನ್ನು ತುಸು ಮೇಲೆತ್ತಿದಳು. ಬರಿಗಾಲು. ಚಪ್ಪಲಿ ದೂರದ ಬದುವಿನ ಮೇಲಿದ್ದವು. “ನಮ್ಮವ್ವನೂ ದೇವದುರ್ಗದಾಗ ರಾಶಿ ಮಾಡ್ತಾಳ್ರೀ. ಅಲ್ಲಿಗೇ ಹೊಂಟೀವಿ” ಎಂದಳು. ತಿಮ್ಮವ್ವನ ಕೈಯಲ್ಲಿದ್ದ ಕಸಬರಿಗೆ ಕೆಳಗಿಳಿಯಿತು.

“ಹಂಗಾರ ನಿಂದ್ರವ್ವಾ, ಚೆಂದ ಕಾಣ್ತಿ” ಎಂದ ತಿಮ್ಮವ್ವ ಬೀರೇಶನ ಕಡೆ ತಿರುಗಿದಳು. ಸಗಣಿ ಸಾರಿಸಿದ ಕಣದ ತುಂಬ ಅವನ ಬೂಟಿನ ಹೆಜ್ಜೆಗಳು ಮೂಡಿದ್ದವು. “ತಪ್ಪಾತು ಬೇ ಯವ್ವಾ” ಎನ್ನುತ್ತ ಅವನು ಒಂಟಿಗಾಲಲ್ಲಿ ಕುಣಿಯುತ್ತ ಬೂಟು ಕಳಚತೊಡಗಿದ. ತಿಮ್ಮವ್ವ ಅವನ ಕೈಗೆ ಕಸಬರಿಗೆ ಕೊಟ್ಟು, ಮೊಬೈಲ್ ಕಸಿದುಕೊಂಡು ರಾಧಾಳ ಪಕ್ಕಕ್ಕೆ ಬಂದು ನಿಂತಳು.

“ಎಲ್ಲಿ ಒತ್ತಬೇಕು ಹೇಳವ್ವಾ. ಇಂವ ಕಸಾ ಹೊಡಿಯೋದು ಮೊದಲ ತೆಗಿತೀನಿ. ನಿಮ್ಮವ್ವಗ ತೋರಸು.”