ಎರವಲು ತಂದ ಸ್ಲೀಪಿಂಗ್ ಬ್ಯಾಗ್

ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮಾರನೆಯ ಬೆಳಿಗ್ಗೆ ಸುಕನ್ಯಾ ತನ್ನೊಬ್ಬಳಿಗೇ ಕಾಫಿ ಬೆರೆಸಿಕೊಂಡು ಕುಡಿದಳು. ಆಮೇಲೆ, ಗಂಡ ಹಿಮಾಲಯದ ಚಾರಣಕ್ಕೆಂದು ಎರವಲು ತಂದಿದ್ದ ಸ್ಲೀಪಿಂಗ್ ಬ್ಯಾಗನ್ನು ಅವನ ಗೆಳೆಯ ಇಂದುಧರನ ಮನೆಗೆ ಕೊಂಡೊಯ್ದಳು.

ಇಂದುಧರ ಅದನ್ನು ಮುಟ್ಟಲಿಲ್ಲ.

"ಸುಟ್ಟುಬಿಡಿ ಅತ್ತಿಗೆ. ಸರೋವರದ ದಡದಲ್ಲಿ ಇದರೊಳಗೆ ಮಲಗಿ ನಕ್ಷತ್ರ ನೋಡು ಅಂತ ಅವನಿಗೆ ಆಸೆ ಹುಟ್ಟಿಸಿದವನೇ ನಾನು. ಜಿಪ್ಪು ಕೆಟ್ಟಿದ್ದು ಗೊತ್ತಿದ್ದೂ ಕೊಟ್ಟೆ. ಅವನು ಚಳಿಗೆ ಹೋದ ಅಂತ ಕೇಳಿದಾಗಿನಿಂದ ಅನ್ನ ಸೇರುತ್ತಿಲ್ಲ."

"ನಿಮ್ಮ ತಪ್ಪಲ್ಲ."

"ಸಮಾಧಾನಕ್ಕೆ ಹೇಳಬೇಡಿ. ನಾನೇ ಕೊಂದೆ."

ಅವಳು ಹಾಗೇ ಹಿಂತಿರುಗಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

"ಇದು ಊರು ಬಿಟ್ಟೇ ಹೋಗಲಿಲ್ಲ, ಇಂದುಧರ. ಅವರ ಚೀಲದಲ್ಲಿ ಚಕ್ಕುಲಿ ಡಬ್ಬಿಗೆ ಜಾಗ ಸಾಲದೆ, ಅವರಿಗೆ ಹೇಳದೆ, ನಾನೇ ಹೊರಗೆ ತೆಗೆದಿಟ್ಟಿದ್ದೆ."