ಶೀತಲ ಕರೆದಿದ್ದಾಳೆ

ಬಾಗಿಲು ತೆರೆದವನು ಶೀತಲಳ ಗಂಡ ಶಿವಾಜಿ. ಯಶೋಧರಾ ಅವನ ಹೆಗಲಾಚೆ ಕಣ್ಣು ಹಾಯಿಸಿದಳು. ಶೀತಲ ಕಾಣಲಿಲ್ಲ.

ಯಶೋಧರಾ ಮಾರಿಷಸ್‌ನಿಂದ ಬಂದವಳು. ಅವಳ ಮುತ್ತಜ್ಜ ಕೊಂಕಣದಿಂದ ಹಡಗು ಹತ್ತಿ ಹೋಗಿದ್ದ. ಮನೆಯಲ್ಲಿ ಉಳಿದುಬಂದಿದ್ದ ಮರಾಠಿಯೇ ಅವಳನ್ನೂ ಬನಹಟ್ಟಿಯ ಶೀತಲಳನ್ನೂ ಜೋಡಿಸಿತ್ತು. ಶೀತಲ ತಾನು ನೇಯ್ದ ಸೀರೆಗಳ ಚಿತ್ರಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದಳು. ಯಶೋಧರಾ ಒಂದು ಸೀರೆ ಕೊಂಡದ್ದೇ ನೆಪವಾಯಿತು. ಆಮೇಲೆ ಇಬ್ಬರೂ ಮಾತಾಡದ ದಿನವೇ ಇರಲಿಲ್ಲ. ಗಂಡ ಹೊಡೆಯುತ್ತಾನೆಂದು ಶೀತಲ ಒಂದೇ ಒಂದು ಸಲ ಹೇಳಿ, ಮರುಕ್ಷಣವೇ ಮಾತು ಮರೆಸಿದ್ದಳು.

ಕೆಲವು ತಿಂಗಳಿಂದ ಮಾತು ನಿಂತಿತ್ತು. ಬರೀ ಮೆಸೇಜು. ಕ್ಯಾಮೆರಾ ಕೆಟ್ಟಿದೆ, ಗಂಟಲು ಸರಿಯಿಲ್ಲ ಎಂದು ಒಂದೊಂದು ಕಾರಣ. ಸಾಲುಗಳು ಚಿಕ್ಕವಾಗಿದ್ದವು, ಅಕ್ಷರಗಳು ತಪ್ಪುತ್ತಿದ್ದವು. ಅಂಚು, ಸೆರಗು, ಬಣ್ಣಗಳ ಸುದ್ದಿಯೇ ಇಲ್ಲ. ಊಟವಾಯಿತೇ ಎಂದು ಕೇಳುವುದು, ಒಮ್ಮೆ ಬಂದು ಹೋಗು ಎನ್ನುವುದು. ಈ ದಿನ ಬೆಳಿಗ್ಗೆ ಜಮಖಂಡಿಯಲ್ಲಿ ಬಸ್ಸು ಹತ್ತುವಾಗಲೂ ಒಂದು ಬಂದಿತ್ತು. ನೇರ ಮನೆಗೇ ಬಾ, ಕಾಯುತ್ತಿರುತ್ತೇನೆ ಎಂದು.

ಬಾಗಿಲಲ್ಲಿ ನಿಂತು ಯಶೋಧರಾ ತಾನು ಯಾರೆಂದು ಹೇಳಿದಳು. ಶಿವಾಜಿ ಬೀದಿಯ ಎರಡೂ ಕಡೆ ನೋಡಿ ಒಳಗೆ ಕರೆದ. ಮಗ್ಗದ ಕೋಣೆಯಲ್ಲಿ ಕುಳ್ಳಿರಿಸಿ, ನೀರು ಕೊಟ್ಟು, ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಶೀತಲ ಮನೆಯಲ್ಲಿಲ್ಲ. ಯಾರದೋ ಜೊತೆ ಪುಣೆಯ ಕಡೆ ಓಡಿಹೋಗಿ ಎಷ್ಟೋ ತಿಂಗಳಾಯಿತು. ಊರಿಗೆಲ್ಲ ಗೊತ್ತಿರುವ ಮಾತು.

ಬೆಳಿಗ್ಗೆಯಷ್ಟೇ ಮೆಸೇಜು ಬಂದಿದೆಯಲ್ಲ ಎಂದಳು ಯಶೋಧರಾ. ಫೋನು ತೋರಿಸಿದಳು.

ಅವನು ಅದನ್ನು ಕಿತ್ತುಕೊಂಡು ಓದಿದ. ಹೆಬ್ಬೆರಳು ಹಿಂದಿನ ತಿಂಗಳಿಗೆ, ಅದಕ್ಕೂ ಹಿಂದಿನ ತಿಂಗಳಿಗೆ ಜಾರಿತು. ಅವನ ತುಟಿ ಬಿಳಿಚಿಕೊಂಡಿತು.

ಕೋಣೆಯ ಮೂಲೆಯಲ್ಲಿ ಅವನ ತಾಯಿ ತಾರವ್ವ ನೂಲು ಸುತ್ತುತ್ತ ಕುಳಿತಿದ್ದಳು. ಅತಿಥಿ ಬಂದಾಗಿನಿಂದ ಒಮ್ಮೆಯೂ ತಲೆ ಎತ್ತಿರಲಿಲ್ಲ.

"ಯವ್ವಾ, ಮಗ್ಗ ಚಾಲೂ ಮಾಡು. ಬಾಗಲಾ ಹಾಕ್ಕೊಂಡು ಹೋಗು."

ಮುದುಕಿ ಎದ್ದಳು. ಮಗ್ಗದ ಗುಂಡಿ ಒತ್ತಿದಳು. ಖಟಖಟ ಸದ್ದು ಕೋಣೆ ತುಂಬಿತು. ಯಶೋಧರಾ ಅವಳ ಕಡೆಗೆ ಕೈಚಾಚಿದಳು. ತಾರವ್ವ ಪಕ್ಕಕ್ಕೆ ಸರಿದು ಪಡಸಾಲೆಗೆ ಹೋಗಿ, ಹೊರಗಿನಿಂದ ಚಿಲಕ ಹಾಕಿಕೊಂಡಳು.

ಯಾರು ಬರೆಯುತ್ತಿದ್ದಾರೆ ಎಂದು ಶಿವಾಜಿ ಕೂಗಿ ಕೇಳಿದ. ಶೀತಲ ಎಂದಳು. ಮೊದಲ ಏಟು ದವಡೆಗೆ ಬಿತ್ತು. ಮತ್ತೆ ಕೇಳಿದ. ಅವಳು ಅದೇ ಹೆಸರು ಹೇಳಿದಳು. ಅವನು ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ. ಅವಳು ಅವನ ಮಣಿಕಟ್ಟು ಕಚ್ಚಿದಳು, ಬಾಯಲ್ಲಿ ರಕ್ತದ ಉಪ್ಪು ಬರುವವರೆಗೂ ಬಿಡಲಿಲ್ಲ. ಅವನು ಗೋಡೆಯ ಗೂಡಿನಿಂದ ನೂಲು ಹಾಯಿಸುವ ಮರದ ಲಾಳಿ ಎತ್ತಿಕೊಂಡ. ಅದರ ಲೋಹದ ಮೊನೆ ಹಣೆಯನ್ನು ಸೀಳಿತು. ಅರ್ಧ ನೇಯ್ದ ಹಳದಿ ಸೀರೆಯ ಮೇಲೆ ರಕ್ತ ಸಿಡಿಯಿತು. ಅವಳು ಕಿರುಚಿದಳು. ಮಗ್ಗದ ಸದ್ದಿನಲ್ಲಿ ಆ ಕೂಗು ಅವಳಿಗೇ ಕೇಳಿಸಲಿಲ್ಲ.

ಅವನು ನೂಲಿನ ಲಡಿಯೊಂದನ್ನು ಅವಳ ಕುತ್ತಿಗೆಗೆ ಸುತ್ತಿದ. ಅವಳು ಅವನ ಮೊಣಕಾಲಿಗೆ ಒದ್ದಳು, ಮುಖ ಪರಚಿದಳು. ಲಡಿ ಬಿಗಿಯಾಯಿತು. ಕಣ್ಣಿನ ಅಂಚು ಕಪ್ಪಾಗತೊಡಗಿತು.

ಆಗ ಮಗ್ಗ ನಿಂತಿತು. ತಲೆಯ ಮೇಲಿನ ದೀಪವೂ ಆರಿತು.

ಕರೆಂಟು ಹೋಗಿದ್ದು ಶಿವಾಜಿಯ ಗಮನಕ್ಕೆ ಬರಲಿಲ್ಲ. ಸದ್ದಿನ ಮೇಲೆ ಏರಿಸಿದ್ದ ದನಿ ಹಾಗೇ ಇತ್ತು. ಸಿಟ್ಟಿನಲ್ಲಿ ಅವನು ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದ್ದ.

"ಸತ್ತಾಕಿ ಹೆಂಗ ಬರೀತಾಳ? ಈ ಕೈಲೇ ಕೊಂದೇನಿ ಅಕಿನ್ನ. ಇಲ್ಲೇ ಮಗ್ಗದ ಬುಡಕ ಹುಗದೇನಿ."

ಯಶೋಧರಾಳಿಗೆ ಆ ಮಾತು ತಿಳಿಯಲಿಲ್ಲ. ಕಿಟಕಿಯಾಚೆ ನಿಂತಿದ್ದವರಿಗೆ ತಿಳಿಯಿತು. ಸದ್ದು ನಿಂತದ್ದೇ ಅವನ ಕೂಗಾಟ ಕೇಳಿ ಓಣಿಯ ಜನ ಸೇರಿದ್ದರು. ಹೊರಗಿನ ಚಿಲಕ ತೆರೆಯಿತು. ನಾಲ್ಕಾರು ಗಂಡಸರು ನುಗ್ಗಿ ಶಿವಾಜಿಯನ್ನು ನೆಲಕ್ಕೆ ಕೆಡವಿದರು. ಯಾರೋ ಅವಳ ಕುತ್ತಿಗೆಯ ಲಡಿ ಕತ್ತರಿಸಿದರು. ಅವಳು ನೆಲದ ಮೇಲೆ ಮಗ್ಗುಲಾಗಿ ಬಿದ್ದು ಉಸಿರಿಗಾಗಿ ಒದ್ದಾಡಿದಳು. ಜನ ಇನ್ನೂ ಅವನ ಕೈ ಕಟ್ಟುತ್ತಿರುವಾಗಲೇ ಪೊಲೀಸ್ ಜೀಪು ಬಂದು ನಿಂತಿತು.

ಸಂಜೆಯ ಹೊತ್ತಿಗೆ ಮಗ್ಗ ಸರಿಸಿ ನೆಲ ಒಡೆದರು. ಹಳೆಯ ಕೈಮಗ್ಗಕ್ಕೆ ಕಾಲು ಇಳಿಬಿಟ್ಟು ಕೂರಲು ತೋಡಿದ್ದ ಕುಣಿ ಇದ್ದ ಜಾಗ ಅದು. ಮೇಲಿನ ಸಿಮೆಂಟು ಹೊಸದು. ಮೊದಲು ಕಂಡದ್ದು ಹಸಿರು ಬಳೆಗಳು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ ಯಶೋಧರಾ ಹೊಸ್ತಿಲಲ್ಲೇ ಕುಸಿದಳು. ಇಷ್ಟು ತಿಂಗಳು ತನ್ನ ಊಟ ವಿಚಾರಿಸಿದವರು ಯಾರು ಎಂದು ಅವಳು ಇನ್‌ಸ್ಪೆಕ್ಟರನ್ನು ಕೇಳಿದಳು. ಅವರು ಅಲ್ಲಿದ್ದವರೆಲ್ಲರನ್ನೂ ಅದೇ ಪ್ರಶ್ನೆ ಕೇಳಿದರು.

ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ತಾರವ್ವ ನೂಲಿನ ಬುಟ್ಟಿಯೊಳಗಿನಿಂದ ಒಂದು ಫೋನು ತೆಗೆದು ಅವರ ಮುಂದಿಟ್ಟಳು. ಮಗ ಹುಡುಕಿ ಸಾಕಾಗಿ ಕೈಬಿಟ್ಟಿದ್ದ, ಶೀತಲಳ ಫೋನು.

"ನಾನ ರೀ ಸಾಹೇಬ್ರ. ಮರಾಠಿ ಅಕ್ಷರಾ ಸೊಸಿನ ಕಲಿಸಿದ್ಲು. ಬಾಜೂ ಊರು ಚಿಮ್ಮಡಕ್ಕ ಹೋಗಿ ಬರೂದ್ರೊಳಗ ಸೊಸಿ ಇರಲಿಲ್ಲ, ನೆಲ ಹೊಸಾದಾಗಿತ್ತು. ಬೀಗರಿಗೆ ಹೇಳಿದೆ, ಹಿರ‍್ಯಾರಿಗೆ ಹೇಳಿದೆ. ಮುದುಕಿಗೆ ಬುದ್ಧಿ ಕೆಟ್ಟೈತಿ ಅಂದ್ರು. ಇವತ್ತ ಕರೆಂಟ್ ತಗದಾಕಿ, ನಿಮಗ ಫೋನ್ ಹಚ್ಚಿದಾಕಿ ನಾನ."

ಇನ್‌ಸ್ಪೆಕ್ಟರು ಯಶೋಧರಾಳ ಹೊಲಿಗೆ ಹಾಕಿದ ಹಣೆಯನ್ನು ತೋರಿಸಿ, ಇವಳನ್ನು ಏಕೆ ಕರೆಸಿದೆ, ಇವಳೂ ಸಾಯುತ್ತಿದ್ದಳಲ್ಲ ಎಂದರು. ಆಗ ತಾರವ್ವ ಮೊದಲ ಸಲ ಅತಿಥಿಯ ಮುಖ ನೋಡಿದಳು.

"ಪರದೇಶದಾಕಿಗೆ ಏನರ ಆದ್ರ ನೀವು ಬರ್ತೀರಿ ಅಂತ ಗೊತ್ತಿತ್ತರಿ."